ಓಕರಿಕೆಯ ಪಾಲು

ಯಂತ್ರ ಮೊದಲ ಸಲ ಸರಿಯಾಗಿ ಕೆಲಸ ಮಾಡಿದ ದಿನ ನೀಲಗಂಗಾ ಹೂಗಾರ ಪ್ರಯೋಗಶಾಲೆಯ ಸಿಂಕಿನಲ್ಲಿ ಮೂರು ಸಲ ವಾಂತಿ ಮಾಡಿಕೊಂಡಳು. ಮೂರನೆಯ ಸಲ ಬರೀ ಹಳದಿ ನೀರು ಬಂತು. ಬಾಯಿ ಮುಕ್ಕಳಿಸಿ, ಗೋಡೆಗೆ ಒರಗಿ ನೆಲದ ಮೇಲೆ ಕೂತವಳು ನಗತೊಡಗಿದಳು. ಬಾಗಿಲಲ್ಲಿ ನಿಂತಿದ್ದ ಸಹೋದ್ಯೋಗಿ ಗುರುಲಿಂಗನಿಗೆ ಗಾಬರಿಯಾಯಿತು.

"ಮೇಡಂ, ಆರಾಮ ಅದೀರಿಲ್ಲೋ?"

"ಭಾಳ ಆರಾಮ ಅದೀನಿ ಗುರುಲಿಂಗ. ಆಕಿ ಸಂಕಟ ನನಗ ಬಂತು ನೋಡು. ಪೂರ್ತಿ ಬಂತು."

'ಆಕಿ' ಎಂದರೆ ಹಿಂದಿನ ವಾರ ಹುಬ್ಬಳ್ಳಿಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಸಿಸೇರಿಯನ್ ಆಗಿದ್ದ ಒಬ್ಬ ತಾಯಿ. ಒಪ್ಪಿಗೆ ಕೊಟ್ಟು ತನ್ನ ದೇಹದ ಹನ್ನೆರಡು ನಿಮಿಷಗಳ ದಾಖಲೆ ಹಿಡಿಯಲು ಬಿಟ್ಟಿದ್ದಳು. ಆ ಹನ್ನೆರಡು ನಿಮಿಷ ಇವತ್ತು ನೀಲಗಂಗಾಳ ಕಿವಿಯ ಹಿಂದೆ ಅಂಟಿಸಿದ್ದ, ತೊಗರಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಗುಂಡಿಯ ಮೂಲಕ ಮತ್ತೆ ಹರಿದಿದ್ದವು.

ಅದರ ಹಿಂದಿನ ಲೆಕ್ಕಾಚಾರ ಸರಳ. ಸಿಸೇರಿಯನ್ ಹೆರಿಗೆಗೆ ಬೆನ್ನಿಗೆ ಸೂಜಿಮದ್ದು ಕೊಟ್ಟಾಗ ತಾಯಿ ಎಚ್ಚರವಾಗಿಯೇ ಇರುತ್ತಾಳೆ. ಎದೆಯಿಂದ ಕೆಳಗೆ ನೋವು ಮಾತ್ರ ತಿಳಿಯುವುದಿಲ್ಲ. ಆದರೆ ಆ ಮದ್ದು ಕಾಲು, ಹೊಟ್ಟೆಗಳ ರಕ್ತನಾಳಗಳನ್ನೂ ಸಡಿಲ ಬಿಡುತ್ತದೆ. ರಕ್ತ ಕೆಳಗಿಳಿದು ನಿಲ್ಲುತ್ತದೆ, ಒತ್ತಡ ಕುಸಿಯುತ್ತದೆ, ಮಿದುಳಿನ ಬುಡಕ್ಕೆ ರಕ್ತ ಸಾಲದಾಗುತ್ತದೆ. ವಾಂತಿಯ ಕೀಲಿ ಇರುವುದು ಅಲ್ಲಿಯೇ. ತಾಯಿಗೆ ಹೊಟ್ಟೆ ತೊಳಸುತ್ತದೆ, ಕಣ್ಣು ಕತ್ತಲಾಗುತ್ತದೆ, ಹೊಟ್ಟೆ ತೆರೆದಿರುವಾಗಲೇ ಓಕರಿಕೆ ಬರುತ್ತದೆ. ಇದನ್ನು ತಡೆಯುವುದು ಯಾವ ಡಾಕ್ಟರಿಗೂ ಗೊತ್ತಿಲ್ಲದ ವಿದ್ಯೆಯಲ್ಲ. ಒತ್ತಡ ಬೀಳದಂತೆ ಮೊದಲಿನಿಂದಲೇ ಔಷಧ ಹನಿಸಬೇಕು, ಮೇಜನ್ನು ಎಡಕ್ಕೆ ವಾಲಿಸಬೇಕು, ವಾಂತಿ ನಿಲ್ಲಿಸುವ ಮದ್ದು ಮುಂಚೆಯೇ ಕೊಡಬೇಕು. ಮುಖ್ಯವಾಗಿ, ಯಾರಾದರೊಬ್ಬರು ಆ ಹೆಂಗಸಿನ ಕಡೆ ನೋಡುತ್ತಿರಬೇಕು.

ನೋಡುವವರು ಇರುವುದಿಲ್ಲ ಎಂಬುದೇ ನೀಲಗಂಗಾಳ ಸಿಟ್ಟು. ಮಾನಿಟರ್ ಕೂಗಿದರೆ ಅದರ ಬಾಯಿ ಮುಚ್ಚಿಸಲು ಒಂದು ಗುಂಡಿ ಇದೆ. ತಾಯಿ ಕೂಗಿದರೆ ಬಾಯಿ ಮುಚ್ಚಿಸಲು ಒಂದು ಗದರಿಕೆ ಸಾಕು. ಡಾಕ್ಟರನ ಸ್ವಂತ ಹೊಟ್ಟೆಯೇ ಕೂಗಿದರೆ? ಆಗ ಯಾವ ಗುಂಡಿ ಒತ್ತುತ್ತಾನೆ? ಹತ್ತು ವರ್ಷ ಈ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದಳು ಅವಳು.

ತಾಯಿಯ ಕಿವಿಯ ಹಿಂದೊಂದು ಪಟ್ಟಿ, ಹೊಟ್ಟೆಯ ಮೇಲ್ಭಾಗದಲ್ಲೊಂದು ಪಟ್ಟಿ. ಮೊದಲನೆಯದು ಮಿದುಳಿನ ಬುಡದ ರಕ್ತದ ಹರಿವನ್ನು ಓದುತ್ತದೆ. ಎರಡನೆಯದು ಜಠರದ ಮಿಡಿತವನ್ನು. ಓಕರಿಕೆ ಬರುವ ನಲವತ್ತು ಸೆಕೆಂಡು ಮೊದಲೇ ಅವಕ್ಕೆ ಸುಳಿವು ಸಿಗುತ್ತದೆ. ಆ ಸುಳಿವು ಡಾಕ್ಟರನ ಕಿವಿಯ ಹಿಂದಿನ ಗುಂಡಿಗೆ ಹೋಗುತ್ತದೆ. ಗುಂಡಿ ಒಳಗಿವಿಯ ಸಮತೋಲದ ನರಕ್ಕೆ ಸಣ್ಣ ವಿದ್ಯುತ್ತು ಹರಿಸುತ್ತದೆ. ನೆಲ ವಾಲುತ್ತದೆ, ಬಾಯಲ್ಲಿ ನೀರೂರುತ್ತದೆ. ತಾಯಿಗೆ ಆರಾಮವಾದ ಕ್ಷಣ ಡಾಕ್ಟರನಿಗೂ ಆರಾಮ. ಅದಕ್ಕೆ ಮೊದಲಿಲ್ಲ.

ಅವಳು ಅದಕ್ಕೆ ಜೊತೆಗಾತಿ ಎಂದು ಹೆಸರಿಟ್ಟಳು.

*

ಅವಳ ಅಕ್ಕ ಸುಗಂಧಾ ಸತ್ತು ಆಗ ಹದಿನೆಂಟು ವರ್ಷವಾಗಿತ್ತು.

ಗದಗಿನ ಒಂದು ನರ್ಸಿಂಗ್ ಹೋಮು. ಆಪರೇಷನ್ ಕೋಣೆಯ ಹೊರಗೆ ಬೆಂಚಿನ ಮೇಲೆ ಅವ್ವ ಚೆನ್ನವ್ವ, ಅಕ್ಕನ ಅತ್ತೆ ಶಾಂತವ್ವ. ಹದಿನೇಳರ ನೀಲಗಂಗಾ ಮಾತ್ರ ಕೂರಲಾಗದೆ ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದಳು. ಒಳಗೆ ಡಾ. ಶ್ರೀಧರ ಮಳಗಿ ಒಬ್ಬರೇ ಬೆನ್ನಿಗೆ ಸೂಜಿ ಕೊಟ್ಟು, ಒಬ್ಬರೇ ಕೊಯ್ಯಲು ನಿಂತಿದ್ದರು. ಅರಿವಳಿಕೆ ಡಾಕ್ಟರರ ಹೆಸರು ಕಾಗದದ ಮೇಲಷ್ಟೇ ಇತ್ತು. ಅಕ್ಕ "ಹೊಟ್ಟಿ ತೊಳಸಾಕತ್ತೈತ್ರಿ" ಎಂದದ್ದು ನೀಲಗಂಗಾಳಿಗೆ ಮೂರು ಸಲ ಕೇಳಿಸಿತು. ಮೂರನೆಯ ಸಲ ಮಳಗಿಯವರ ದನಿ: "ಸುಮ್ನ ಬೀಳವಾ, ಎಲ್ಲಾರಿಗೂ ಆಗ್ತದ." ಆಮೇಲೆ ಕೆಮ್ಮು. ಆಮೇಲೆ ಓಡಾಟ.

ಮಲಗಿದಲ್ಲೇ ವಾಂತಿಯಾಗಿ, ಮುಖ ಹೊರಳಿಸುವವರಿಲ್ಲದೆ, ಜಠರದ ಹುಳಿನೀರು ಸುಗಂಧಾಳ ಶ್ವಾಸಕೋಶಕ್ಕೆ ಇಳಿದಿತ್ತು. ಹೆಣ್ಣು ಕೂಸು ಬದುಕಿತು. ತಾಯಿ ಮೂರನೆಯ ದಿನ ಹೋದಳು.

ಸಾವೊಂದೇ ಆಗಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಆದರೆ ಮಳಗಿ ಆಪರೇಷನ್ನಿನ ದಿನ ಕೋಣೆಯಿಂದ ಹೊರಬಂದು, ಎಲ್ಲರಿಗೂ ಕೇಳುವಂತೆ ಒಂದು ಮಾತು ಕೇಳಿದ್ದರು: "ಈಕಿಗೆ ಮುಂಜಾನೆ ಯಾರು ಉಣಿಸಿದವರು? ಖಾಲಿ ಹೊಟ್ಟೀಲೆ ಇರ್ಬೇಕಂತ ಹೇಳಿದ್ದಿಲ್ಲೇನು?" ಎಲ್ಲರ ಕಣ್ಣೂ ಚೆನ್ನವ್ವನ ಮಡಿಲಲ್ಲಿದ್ದ ಡಬ್ಬಿಯ ಮೇಲೆ ಹೋಯಿತು. ಶಾಂತವ್ವ ಅದನ್ನು ಕಸಿದು ತೆರೆದಳು. ಗೋದಿ, ಬೆಲ್ಲದ ಸಿಹಿ ಮಾದಲಿ. ಒಂದು ಹಿಡಿಯಷ್ಟು ಕಡಿಮೆಯಾಗಿತ್ತು. ಅದನ್ನು ಚೆನ್ನವ್ವ ವಾರ್ಡಿನ ಪಕ್ಕದ ಹಾಸಿಗೆಯಲ್ಲಿದ್ದ ಬಾಣಂತಿಯ ಹಿರಿಮಗಳಿಗೆ ಕೊಟ್ಟಿದ್ದಳು. ಅದನ್ನು ಯಾರು ಕೇಳುತ್ತಾರೆ? ಆಸ್ಪತ್ರೆಯ ಕಾಗದದಲ್ಲಿ ಡಾಕ್ಟರು ಬರೆದರು: ತವರಿನವರು ಕದ್ದು ಆಹಾರ ನೀಡಿದ್ದರಿಂದ. ಬೀಗರು ಆ ಕಾಗದ ಹಿಡಿದುಕೊಂಡು ಕೂಸನ್ನು ಎತ್ತಿಕೊಂಡು ಹೋದರು. "ಮಗಳನ್ನ ತಿಂದಾಕಿ ಮೊಮ್ಮಗಳನ್ನ ಮುಟ್ಟಬಾರದು" ಎಂದು ಶಾಂತವ್ವ ಓಣಿಯ ನಡುವೆ ನಿಂತು ಹೇಳಿದಳು. ಬಾಗಿಲ ಆಚೆ ತಾನು ಕೇಳಿದ್ದನ್ನು ನೀಲಗಂಗಾ ಹೇಳಿದರೆ, ಅವ್ವನನ್ನು ಉಳಿಸಲು ಹುಡುಗಿ ಸುಳ್ಳು ಹೇಳುತ್ತಿದ್ದಾಳೆ ಎಂದರು.

ಗದಗಿನ ಮಗ್ಗುಲಿನ ಬೆಟಗೇರಿಯಲ್ಲೇ, ತವರಿನಿಂದ ನಾಲ್ಕು ಓಣಿ ಆಚೆ, ಮೊಮ್ಮಗಳು ಬೆಳೆದಳು. ಚೆನ್ನವ್ವ ಅವಳನ್ನು ದೂರದಿಂದ ನೋಡುತ್ತ ಹೂವು ಮಾರಿದಳು.

*

ಜೊತೆಗಾತಿ ಸರಕಾರಿ ಆಸ್ಪತ್ರೆಗಳಿಗೆ ಬಂದ ಮೊದಲ ತಿಂಗಳು ಅರಿವಳಿಕೆ ಡಾಕ್ಟರರು ದಂಗೆಯೇಳುವುದೊಂದು ಬಾಕಿ. ಬೆನ್ನಿಗೆ ಸೂಜಿ ಕೊಟ್ಟವರೇ ಗುಂಡಿ ಧರಿಸಬೇಕು, ಕೂಸು ಹೊರಬರುವವರೆಗೆ ತೆಗೆಯುವಂತಿಲ್ಲ ಎಂಬುದು ನಿಯಮ. ಸೊಸೆಯನ್ನು ಕಾಡುವ ಅತ್ತೆಯಂತೆ ಎಂದು ಅವರು ಅದಕ್ಕೆ 'ಅತ್ತಿ' ಎಂದು ಅಡ್ಡಹೆಸರಿಟ್ಟರು. "ಇವತ್ತು ಅತ್ತಿ ಭಾಳ ಕಾಡಿದ್ಲ್ರೀ" ಎಂದು ಕ್ಯಾಂಟೀನಿನಲ್ಲಿ ಹೇಳಿಕೊಂಡರು. ಕೆಲವರು ಜೇಬಿನಲ್ಲಿ ಲಿಂಬೆಹಣ್ಣು ಇಟ್ಟುಕೊಂಡು ಬಂದರು. ಬಾಗಲಕೋಟೆಯ ಒಬ್ಬ ಎಳೆಯ ಡಾಕ್ಟರು ಕೆಲಸ ಮುಗಿದ ಮೇಲೆ ಯಂತ್ರಗಳ ಮೇಲೆ ಕಣ್ಣಿಡುವ ನಿಯಂತ್ರಣ ಕೋಣೆಗೆ ಫೋನು ಮಾಡಿ, "ಇದನ್ನ ನಾವು ಕಾಗದದಾಗ ಸ್ವಲ್ಪ ತೊಳಸಾಟ ಅಂತ ಬರೀತಿದ್ವಿ ಮೇಡಂ" ಎಂದು ಹೇಳಿ ಇಟ್ಟುಬಿಟ್ಟರು. ಹೆರಿಗೆ ವಾರ್ಡಿನ ಹೆಂಗಸರಿಗೆ ಸುದ್ದಿ ಹಬ್ಬಿತು. ಒಬ್ಬ ಮುದುಕಿ, "ಹಂಗಾರ ನಮ್ಮ ಮಗಗೂ ಒಂದು ಹಚ್ರಿ, ಹೆಂಡ್ತಿ ಬ್ಯಾನಿ ತಿಳೀಲಿ" ಎಂದು ನರ್ಸನ್ನು ಕಾಡಿದಳು.

ಎಂಟು ತಿಂಗಳಲ್ಲಿ, ಮೂವರಲ್ಲಿ ಒಬ್ಬಳಿಗೆ ಆಗುತ್ತಿದ್ದ ಓಕರಿಕೆ ಇಪ್ಪತ್ತರಲ್ಲಿ ಒಬ್ಬಳಿಗೆ ಇಳಿಯಿತು. ಡಾಕ್ಟರರು ಸಂಕಟ ಬರುವ ಮೊದಲೇ ಔಷಧ ಹನಿಸಲು ಕಲಿತರು.

ಹುಬ್ಬಳ್ಳಿಯ ನಿಯಂತ್ರಣ ಕೋಣೆಯ ಗೋಡೆಯ ಮೇಲೆ ಅರವತ್ತು ಆಪರೇಷನ್ ಮೇಜುಗಳ ಗೆರೆಗಳು ಹರಿಯುತ್ತಿದ್ದವು. ಡಾಕ್ಟರನಿಗೆ ತಲುಪುವ ಸಂಕಟಕ್ಕೆ ಹತ್ತು ಮೆಟ್ಟಿಲು. ಮೂರನೆಯದನ್ನು ದಾಟದಂತೆ ಬೀಗ ಹಾಕಲಾಗಿತ್ತು. ಮೂರೆಂದರೆ ಘಾಟಿಯ ದಾರಿಯಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತಷ್ಟು. ಪರೀಕ್ಷೆಗೆಂದು ಆ ಬೀಗ ತೆರೆಯುವ ಅಧಿಕಾರ ಇದ್ದದ್ದು ನೀಲಗಂಗಾಳಿಗೆ ಮಾತ್ರ. ಹತ್ತನೆಯ ಮೆಟ್ಟಿಲು ಹೇಗಿರುತ್ತದೆಂದು ಅವಳು ತನ್ನ ಮೇಲೇ ನೋಡಿಕೊಂಡಿದ್ದಳು. ಅರ್ಧ ನಿಮಿಷ ತಾನು ಎಲ್ಲಿದ್ದೇನೆಂಬುದೇ ತಿಳಿದಿರಲಿಲ್ಲ.

ಖಾಸಗಿ ನರ್ಸಿಂಗ್ ಹೋಮುಗಳೂ ಜೊತೆಗಾತಿ ಹಾಕಿಸಬೇಕೆಂದು ಆರೋಗ್ಯ ಇಲಾಖೆಯ ಸಭೆಯಲ್ಲಿ ವಾದಿಸಿದವಳು ಅವಳೇ. ಅಂಕಿಗಳನ್ನು ಮುಂದಿಟ್ಟಳು, ತಾಯಂದಿರ ಸಾವಿನ ಪಟ್ಟಿ ಓದಿದಳು. ಎಲ್ಲ ನಿಜವೇ. ಆದರೆ ಒಳಗೆ ಅವಳಿಗೆ ಬೇಕಾಗಿದ್ದದ್ದು ಒಂದೇ ನರ್ಸಿಂಗ್ ಹೋಮು, ಒಂದೇ ಕಿವಿ.

*

ಭಾನುವಾರ ಬೆಟಗೇರಿಗೆ ಹೋದಾಗ ಚೆನ್ನವ್ವ ಪಡಸಾಲೆಯಲ್ಲಿ ಸೇವಂತಿಗೆ ಕಟ್ಟುತ್ತಿದ್ದಳು. ಪಕ್ಕದ ಮನೆಯ ಮಗ್ಗದ ಸದ್ದು ಗೋಡೆ ದಾಟಿ ಬರುತ್ತಿತ್ತು.

"ನಿನ್ನ ಮಷೀನಿಗೆ ಖರೇನs ಡಾಕ್ಟರ್ ಮಂದಿ ಹೊಟ್ಟಿ ತೊಳಸತೈತೇನವಾ?"

"ತೊಳಸತೈತಿ ಯವ್ವಾ."

"ಮಳಗಿ ಡಾಕ್ಟರಗೂ?"

ನೀಲಗಂಗಾ ತಲೆಯೆತ್ತಿದಳು. ಅವ್ವನ ಬಾಯಲ್ಲಿ ಆ ಹೆಸರು ಬಂದು ವರ್ಷಗಳೇ ಆಗಿದ್ದವು. "ಇದೇ ವಾರ ಅವರ ಆಸ್ಪತ್ರಿಗೆ ಹಚ್ಚಾಕತ್ತಾರ. ಯಾಕ ಕೇಳಿದಿ?"

ಚೆನ್ನವ್ವ ದಾರಕ್ಕೆ ಗಂಟು ಹಾಕಿ ಹಲ್ಲಿನಿಂದ ಕಡಿದಳು. "ಏನಿಲ್ಲ. ಮೊನ್ನೆ ಆ ಹುಡುಗಿ ಕಾಲೇಜಿಗೆ ಹೊಂಟಿತ್ತು. ಸ್ಫೂರ್ತಿ. ಮಾರಿ ತುಂಬ ಸುಗಂಧಾನs. ನನ್ನ ನೋಡಿ ರಸ್ತೆ ದಾಟಿ ಆ ಕಡಿ ಹೋತು." ಇನ್ನೊಂದು ಹೂವು ಎತ್ತಿಕೊಂಡು, ಮೆಲ್ಲಗೆ ಕೇಳಿದಳು: "ನೀಲಾ, ಖರೇ ಹೇಳು. ನಾ ಅವತ್ತು ಆಕಿಗೆ ಒಂದು ತುತ್ತರ ಉಣಿಸಿದ್ನೇನು?"

"ಯವ್ವಾ! ನೀ ಏನಂತಿ?"

"ನನಗ ಈಗೀಗ ಗೊತ್ತಾಗೂದಿಲ್ಲವಾ. ಉಣಿಸಿಲ್ಲ ಅಂತನs ನೆನಪು. ಆದ್ರ ಮಲ್ಕೊಂಡಾಗ ಕಣ್ಣ ಮುಂದ ಬರತೈತಿ, ನಾನs ಮಾದ್ಲಿ ಕಲಸಿ ಆಕಿ ಬಾಯಾಗ ಇಟ್ಟಂಗ. ಎಲ್ಲಾರೂ ಅಷ್ಟು ಸಲ ಅಂದ್ರ ಖರೇನs ಇರಬೇಕಲ್ಲ."

ನೀಲಗಂಗಾ ಅವ್ವನ ಕೈಯಿಂದ ದಾರ ತೆಗೆದಿಟ್ಟು ಆ ಕೈ ಹಿಡಿದು ಕೂತಳು. ಅಕ್ಕನನ್ನು ಕೊಂದದ್ದಕ್ಕೆ ಮಳಗಿಗೆ ಮೂರೋ ನಾಲ್ಕೋ ಮೆಟ್ಟಿಲು ಸಾಕು ಎಂದುಕೊಂಡಿದ್ದಳು. ಅವ್ವನ ನೆನಪಿನೊಳಗೇ ಹೊಕ್ಕು ಕೊಳೆಸಿದ್ದಕ್ಕೆ ಹತ್ತೂ ಸಾಲದು ಎಂದು ಆವತ್ತು ನಿರ್ಧರಿಸಿದಳು.

*

ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಗೋಡೆಯ ಮೇಲೆ ಅರವತ್ತೊಂದನೆಯ ಮೇಜು ಬೆಳಗಿತು. ಗುಂಡಿ ಧರಿಸಿದವರು: ಡಾ. ಶ್ರೀಧರ ಮಳಗಿ.

ನೀಲಗಂಗಾ ಕುರ್ಚಿ ಎಳೆದುಕೊಂಡು ಕೂತಳು. ಅರಿವಳಿಕೆ ಡಾಕ್ಟರರ ಕಿವಿಯ ಹಿಂದೆ ಇರಬೇಕಾದದ್ದು ಮಳಗಿಯವರ ಕಿವಿಯ ಹಿಂದೆ ಇದೆ ಎಂದರೆ ಅರ್ಥ ಸ್ಪಷ್ಟ: ಈಗಲೂ ಅವರೇ ಸೂಜಿ ಕೊಟ್ಟು ಅವರೇ ಕೊಯ್ಯುತ್ತಾರೆ. ಆಮೇಲೆ ಕಾಗದದಲ್ಲಿ ಬೇರೆ ಹೆಸರು ತುಂಬಬಹುದೆಂದು ಅವರ ಎಣಿಕೆ ಇದ್ದಿರಬೇಕು. ಗುಂಡಿ ತಾನು ಯಾರ ಕಿವಿಯ ಹಿಂದೆ ಕೂತಿದ್ದೇನೆಂದು ಬರೆದಿಡುತ್ತದೆ ಎಂಬುದು ಬಳಕೆಯ ಪುಸ್ತಕದ ಹನ್ನೊಂದನೆಯ ಪುಟದಲ್ಲಿತ್ತು. ಅವರು ಆ ಪುಸ್ತಕ ತೆರೆದಿರಲಿಲ್ಲ.

ಆಪರೇಷನ್ ಕೋಣೆಯ ಸದ್ದು ಅವಳ ಹೆಡ್‌ಫೋನಿನಲ್ಲಿ ಬರತೊಡಗಿತು. ಬೆನ್ನಿಗೆ ಸೂಜಿ ಕೊಟ್ಟಾಗಿತ್ತು. ಮಳಗಿ ಕೈ ತೊಳೆದು, ಕೈಗವಸು ತೊಟ್ಟು, ಹೊಟ್ಟೆಗೆ ಔಷಧ ಬಳಿಯುತ್ತಿದ್ದರು. ತಾಯಿಯ ರಕ್ತದ ಗೆರೆ ಬಾಗಿತು. ಮೊದಲ ಮೆಟ್ಟಿಲು.

"ಸಿಸ್ಟರ್, ಎ.ಸಿ. ಸ್ವಲ್ಪ ಜಾಸ್ತಿ ಮಾಡ್ರಿ," ಎಂದಿತು ಮಳಗಿಯವರ ದನಿ. ಅದೇ ದನಿ. ಸ್ವಲ್ಪ ಒಡೆದಿತ್ತು, ಅಷ್ಟೇ.

ನೀಲಗಂಗಾ ಬೀಗ ತೆರೆದಳು. ಹೆಬ್ಬೆರಳು ಮೆಟ್ಟಿಲು ಏರಿಸುವ ತಿರುಗಣೆಯ ಮೇಲೆ ಬಂತು. ಎರಡು. ಮೂರು. ನಾಲ್ಕು.

"ಏನಿದು... ಸಿಸ್ಟರ್, ಈ ಗುಂಡಿ ಕೀಳ್ರಿ. ತಲಿ ತಿರಗಾಕತ್ತದ."

ಅವರ ಕೈಗಳು ಶುದ್ಧಗೊಂಡ ಕೈಗಳು. ತಮ್ಮ ಕಿವಿಯನ್ನು ತಾವೇ ಮುಟ್ಟುವಂತಿಲ್ಲ. ಒಳಗಿದ್ದ ನರ್ಸು ಫಿಲೋಮಿನಾ ಆ ಆಸ್ಪತ್ರೆಯಲ್ಲಿ ಬಹಳ ಕಾಲದಿಂದ ಇದ್ದವಳು. ಅವಳ ದನಿಯಲ್ಲಿ ಅವಸರವೇ ಇರಲಿಲ್ಲ. "ಕೂಸು ಬರೂತನ ತೆಗೀಬಾರದು ಅಂತ ನಿಯಮ ಐತ್ರಿ ಸರ್."

"ನಿಯಮ ನನಗ ಹೇಳ್ತಿಯೇನು? ಕೀಳು ಅಂದೆ!"

"ನನ್ನ ಕೆಲಸಕ್ಕ ಕುತ್ತು ಬರತೈತ್ರಿ ಸರ್."

ನೀಲಗಂಗಾ ನಕ್ಕಳು. ಐದು. ಏನೋ ಲೋಹದ ತಟ್ಟೆ ಉರುಳಿದ ಸದ್ದು. ಮಳಗಿ ಮೇಜಿನ ಅಂಚು ಹಿಡಿದು ನಿಂತಿರಬೇಕು. ಮುಖಗವಸಿನೊಳಗೆ ಬಾಯಿ ತುಂಬ ನೀರು ಬಂದಿರಬೇಕು, ಉಗುಳುವಂತೆಯೂ ಇಲ್ಲ, ನುಂಗುವಂತೆಯೂ ಇಲ್ಲ. ಅವರ ನಾಡಿಯ ಗೆರೆ ಜಿಗಿಯುವುದನ್ನು ಅವಳು ಕಣ್ಣು ಮಿಟುಕಿಸದೆ ನೋಡಿದಳು. ಹತ್ತೊಂಬತ್ತು ವರ್ಷ ಬಾಗಿಲಿನ ಆಚೆ ನಿಂತಿದ್ದವಳು ಈಗ ಒಳಗೆ, ಅವರ ತಲೆಯ ಒಳಗೇ ಇದ್ದಳು. ಆರು.

"ಮೇಡಂ," ಎಂದ ಗುರುಲಿಂಗ ಬೆನ್ನ ಹಿಂದಿನಿಂದ. "ಆರಕ್ಕ ಯಾಕ ಹೋಗೇದ?"

ಅವಳ ಹೆಬ್ಬೆರಳು ತಿರುಗಣೆಯ ಮೇಲೇ ಇತ್ತು.

"ಮೇಡಂ! ಪೇಶಂಟ್ ಗೆರಿ ನೋಡ್ರಿ!"

ಅದೇ ಹೊತ್ತಿಗೆ ಹೆಡ್‌ಫೋನಿನಲ್ಲಿ ಒಂದು ಹೆಣ್ಣುದನಿ, ಬಹಳ ತೆಳ್ಳಗೆ: "ಅಕ್ಕಾರ... ಹೊಟ್ಟಿ ತೊಳಸಾಕತ್ತೈತ್ರಿ. ಆಗಿಂದ ಹೇಳಾಕತ್ತೀನ್ರಿ."

ನೀಲಗಂಗಾಳ ಕಣ್ಣು ಗೋಡೆಯ ಎಡಕ್ಕೆ ಹೋಯಿತು. ತಾಯಿಯ ಒತ್ತಡದ ಗೆರೆ ಪಾತಾಳಕ್ಕಿಳಿದಿತ್ತು. ಮಿದುಳಿನ ಹರಿವು ಕೆಂಪು. ಎಷ್ಟು ಹೊತ್ತಾಯಿತು? ಗಡಿಯಾರ ಹೇಳಿತು: ಐವತ್ತೆರಡು ಸೆಕೆಂಡು. ಐವತ್ತೆರಡು ಸೆಕೆಂಡು ಆ ಹೆಂಗಸಿನ ಕಡೆ ಯಾರೂ ನೋಡಿರಲಿಲ್ಲ. ಮಳಗಿ ನೋಡಿರಲಿಲ್ಲ, ನರ್ಸು ಮಳಗಿಯನ್ನು ನೋಡುತ್ತಿದ್ದಳು, ಈ ಯಂತ್ರ ಕಟ್ಟಿದವಳೂ ಮಳಗಿಯನ್ನೇ ನೋಡುತ್ತಿದ್ದಳು.

ಅವಳು ತಿರುಗಣೆಯನ್ನು ಸೊನ್ನೆಗೆ ಎಳೆದು, ಆಪರೇಷನ್ ಕೋಣೆಯ ಧ್ವನಿವರ್ಧಕದಲ್ಲಿ ಕೇಳುವಂತೆ ಕೂಗಿದಳು.

"ಸಿಸ್ಟರ್ ಫಿಲೋಮಿನಾ! ನಿಯಂತ್ರಣ ಕೋಣೆಯಿಂದ ಮಾತಾಡಾಕತ್ತೀನಿ. ಮೇಜು ಎಡಕ್ಕ ವಾಲಿಸ್ರಿ. ಆಕಿ ಮುಖ ಒಂದು ಮಗ್ಗಲಕ್ಕ ಹೊರಳಿಸ್ರಿ, ಬಾಯಿ ಸ್ವಚ್ಛ ಮಾಡೋ ನಳಿಗಿ ಕೈಯಾಗ ಹಿಡೀರಿ. ಡಾಕ್ಟರ್, ಒತ್ತಡ ಏರಿಸೋ ಔಷಧ ಹೇಳ್ರಿ, ಈಗ! ಚಾಕು ಮುಟ್ಟಬ್ಯಾಡ್ರಿ!"

ಮಳಗಿ ಔಷಧದ ಹೆಸರು, ಅಳತೆ ಹೇಳಿದರು. ಫಿಲೋಮಿನಾ ಕೊಟ್ಟಳು. ಗೆರೆ ಅಲ್ಲೇ ಕೂತಿತ್ತು. "ಇನ್ನೊಮ್ಮಿ," ಎಂದಳು ನೀಲಗಂಗಾ. ಗೆರೆ ಅಲುಗಿತು. ನಿಧಾನವಾಗಿ, ಮುದುಕಿಯೊಬ್ಬಳು ಮೆಟ್ಟಿಲು ಹತ್ತುವಂತೆ, ಮೇಲೇರತೊಡಗಿತು.

"ಈಗ ಹೆಂಗ ಅನಸ್ತದವಾ?" ಎಂದು ಫಿಲೋಮಿನಾ ಕೇಳಿದ್ದು ಕೇಳಿಸಿತು.

"ಸ್ವಲ್ಪ ಹಗೂರ ಆತ್ರಿ."

ಪಕ್ಕದ ಆಸ್ಪತ್ರೆಯಿಂದ ಅರಿವಳಿಕೆ ಡಾಕ್ಟರನ್ನು ಗುರುಲಿಂಗ ಫೋನು ಮಾಡಿ ಓಡಿಸಿದ್ದ. ಅವರು ಬಂದು ತಾಯಿಯ ತಲೆಯ ಬಳಿ ಕೂತ ಮೇಲಷ್ಟೇ ಮಳಗಿ ಚಾಕು ಹಿಡಿದರು. ಹನ್ನೆರಡು ಗಂಟೆಗೆ ಹತ್ತು ನಿಮಿಷವಿದ್ದಾಗ ಗಂಡು ಕೂಸಿನ ಅಳು ಬಂತು. ತಾಯಿ ಒಂದು ಸಲವೂ ಓಕರಿಸಲಿಲ್ಲ.

"ಹೆಸರೇನ್ರೀ ಆಕಿದು?" ಎಂದು ನೀಲಗಂಗಾ ಕೇಳಿದಳು. ಗೋಡೆಯ ಮೇಲೆ ಬರೀ ಅರವತ್ತೊಂದು ಎಂದಿತ್ತು.

"ಮೆಹಜಬೀನ್ ಅಂತ್ರಿ ಮೇಡಂ," ಎಂದಳು ಫಿಲೋಮಿನಾ.

*

ಮಧ್ಯಾಹ್ನದ ಬಸ್ಸು ಹಿಡಿದು ನೀಲಗಂಗಾ ಗದಗಿಗೆ ಹೋದಳು. ಮೊದಲು ವಾರ್ಡಿಗೆ ಹೋಗಿ ಮೆಹಜಬೀನಳನ್ನು ನೋಡಿದಳು. ಅವಳು ಕೂಸಿಗೆ ಮೊಲೆ ಕೊಡುತ್ತ ಮಲಗಿದ್ದಳು. ಯಾರೋ ದೊಡ್ಡ ಡಾಕ್ಟರಮ್ಮ ಎಂದುಕೊಂಡು ಕೈಮುಗಿದಳು. ನೀಲಗಂಗಾಳಿಗೆ ತಿರುಗಿ ಕೈಮುಗಿಯಲೂ ಆಗಲಿಲ್ಲ.

ಮಳಗಿ ತಮ್ಮ ಕೋಣೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಅರವತ್ತು ದಾಟಿದ, ಬೆಳ್ಳಗಿನ, ಅಚ್ಚುಕಟ್ಟಾದ ಮನುಷ್ಯ. ಅವಳು ಹೆಸರು ಹೇಳಿದಳು.

"ನೀನೇ ಏನು ಆ ಯಂತ್ರದಾಕಿ?" ಅವರು ಸಿಡಿದರು. "ಅದು ಮನುಷ್ಯಾರ ಮ್ಯಾಲೆ ಹಚ್ಚೋ ವಸ್ತು ಏನು? ಇವತ್ತು ಪೇಶಂಟ್ ಹೋಗಿದ್ರ?"

"ಹೋಗಿದ್ರ ತವರಿನವರು ಕದ್ದು ಉಣಿಸಿದ್ರು ಅಂತ ಬರೀತಿದ್ರಿ."

ಅವಳು ಚೀಲದಿಂದ ಹಳೆಯ ಕಾಗದದ ನಕಲು ತೆಗೆದು ಅವರ ಮುಂದಿಟ್ಟಳು. ಮಳಗಿ ಕನ್ನಡಕ ಹಾಕಿಕೊಂಡು ಓದಿದರು. ಅಕ್ಷರ ಅವರದೇ.

"ಸುಗಂಧಾ... ಯಾವ ಸುಗಂಧಾ?"

ಅವರು ನಟಿಸುತ್ತಿರಲಿಲ್ಲ. ನೀಲಗಂಗಾ ಹತ್ತೊಂಬತ್ತು ವರ್ಷಗಳಲ್ಲಿ ಬಗೆಬಗೆಯ ಉತ್ತರಗಳನ್ನು ಊಹಿಸಿಕೊಂಡಿದ್ದಳು. ಸುಳ್ಳು, ಸಿಟ್ಟು, ಕಣ್ಣೀರು. ಇದೊಂದನ್ನು ಊಹಿಸಿರಲಿಲ್ಲ. ಆ ಮನುಷ್ಯನಿಗೆ ಆ ದಿನ ನೆನಪೇ ಇರಲಿಲ್ಲ.

"ನೆನಪಿಲ್ಲದಿದ್ರ ಬ್ಯಾಡ ಬಿಡ್ರಿ," ಎಂದಳು. "ಇವತ್ತಿಂದು ನೆನಪೈತಲ್ಲ? ಸೂಜಿ ಕೊಟ್ಟವರು ನೀವು, ಕೊಯ್ಯಾಕ ನಿಂತವರೂ ನೀವು. ಯಾರ ಕಿವ್ಯಾಗ ಇತ್ತು, ಎಷ್ಟು ಸೆಕೆಂಡು ಪೇಶಂಟ್ ಒದರಿದ್ಲು, ಎಲ್ಲಾ ಯಂತ್ರದಾಗ ಐತಿ. ಅದನ್ನ ತಿದ್ದಾಕ ಆಗೂದಿಲ್ಲ."

ಮಳಗಿಯವರ ಬಣ್ಣ ಬದಲಾಯಿತು. ಕಾಗದವನ್ನು ಆಚೆ ಸರಿಸಿ ಕೇಳಿದರು, "ನಿನಗೇನ್ ಬೇಕು?"

"ನಾಳೆ ಮುಂಜಾನೆ ಬೆಟಗೇರಿಗೆ ಬರ್ರಿ. ನಮ್ಮವ್ವನ ಮುಂದ ನಿಂತು ಖರೇ ಹೇಳ್ರಿ."

"ಹೇಳಿದ್ರ... ಆ ದಾಖಲಿ?"

ನೀಲಗಂಗಾ ಎದ್ದು ಹೊರಬಂದಳು. ಅವಳ ಮೌನವನ್ನು ಅವರು ತಮಗೆ ಬೇಕಾದಂತೆ ತಿಳಿದುಕೊಂಡರು.

*

ಮರುದಿನ ಎಂಟು ಗಂಟೆಗೆ ಓಣಿಯ ಬಾಯಲ್ಲಿ ಕಾರು ನಿಲ್ಲಿಸಿ ಮಳಗಿ ನಡೆದು ಬಂದರು. ಚೆನ್ನವ್ವ ಪಡಸಾಲೆಯಲ್ಲಿದ್ದಳು. ಅವರನ್ನು ಕಂಡು ಏಳಲಿಲ್ಲ.

"ತಾಯಿ," ಎಂದರು ಮಳಗಿ, ಬಾಯಿಪಾಠ ಮಾಡಿಕೊಂಡು ಬಂದವರಂತೆ, "ನಿಮ್ಮ ಮಗಳ ಕೇಸಿನ್ಯಾಗ ನೀವು ಏನೂ ಉಣಿಸಿದ್ದಿಲ್ಲ. ಒತ್ತಡ ಬಿದ್ದಿತ್ತು. ನಾ ನೋಡ್ಲಿಲ್ಲ. ನೋಡಾಕ ಇನ್ನೊಬ್ಬ ಡಾಕ್ಟರೂ ಇದ್ದಿಲ್ಲ. ತಪ್ಪು ನಮ್ಮ ಕಡೆ ಆಗಿತ್ತು."

"ಆಗಿತ್ತಲ್ಲ," ಎಂದಳು ನೀಲಗಂಗಾ. "ಮಾಡಿದ್ದು."

"ಮಾಡಿದೆ," ಎಂದರು.

ಚೆನ್ನವ್ವ ಅವರ ಮುಖ ನೋಡುತ್ತ ಕೂತಳು. ಅಳುತ್ತಾಳೆಂದು ನೀಲಗಂಗಾ ಅಂದುಕೊಂಡಿದ್ದಳು. ಮುದುಕಿ ಅಳಲಿಲ್ಲ. ಮಡಿಲಿನ ಹೂವು ಬುಟ್ಟಿಗೆ ಸುರಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು.

"ನನ್ನ ಮುಂದ ಹೇಳಿದ್ರ ಏನ್ ಬಂತ್ರೀ ಡಾಕ್ಟರ? ನೀವು ಅವತ್ತು ನನ್ನ ಕಿವ್ಯಾಗ ಹೇಳಿದ್ದಿಲ್ಲ, ಮಂದಿ ಮುಂದ ಹೇಳಿದ್ರಿ. ನಡೀರಿ ಬೀಗರ ಮನಿಗೆ."

"ತಾಯಿ, ಅಲ್ಲೆಲ್ಲಾ ಯಾಕ..."

"ನಡೀರಿ."

ನಾಲ್ಕು ಓಣಿ. ಮುಂದೆ ಚೆನ್ನವ್ವ ಬರಿಗಾಲಲ್ಲಿ, ಹಿಂದೆ ಊರಿಗೆಲ್ಲ ಗೊತ್ತಿದ್ದ ಡಾಕ್ಟರು, ಅವರ ಹಿಂದೆ ನೀಲಗಂಗಾ. ನೀರು ತುಂಬುತ್ತಿದ್ದವರು ಕೊಡ ಇಟ್ಟು ನೋಡಿದರು. "ಯಾಕಬೇ ಚೆನ್ನವ್ವ, ಡಾಕ್ಟರ್ನ ಕರಕೊಂಡು ಎಲ್ಲಿಗೆ?" ಎಂದು ಒಬ್ಬಳು ಕೇಳಿದಳು. "ಬಾರವಾ, ನೀನೂ ಬಾ, ಕೇಳುವಂತಿ," ಎಂದಳು ಚೆನ್ನವ್ವ. ಬೀಗರ ಮನೆ ಮುಟ್ಟುವ ಹೊತ್ತಿಗೆ ಹಿಂದೆ ಹದಿನೈದು ಜನ ಆಗಿದ್ದರು.

ಶಾಂತವ್ವ ಗಾಲಿಕುರ್ಚಿಯಲ್ಲಿ ಬಾಗಿಲಿಗೆ ಬಂದಳು. ಅವಳ ಹಿಂದೆ ಕಾಲೇಜಿಗೆ ಹೊರಟು ನಿಂತಿದ್ದ ಸ್ಫೂರ್ತಿ. ಮಳಗಿ ಹೊಸಿಲ ಮುಂದೆ ನಿಂತು ಅದೇ ಮಾತು ಮತ್ತೆ ಹೇಳಿದರು. "ದನಿ ತೆಗೀರಿ," ಎಂದಳು ಚೆನ್ನವ್ವ. "ಅವತ್ತು ಭಾಳ ದೊಡ್ಡ ದನಿ ಇತ್ತು ನಿಮ್ಮದು." ಅವರು ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದರು. ನಾ ನೋಡ್ಲಿಲ್ಲ. ಈಕಿ ಉಣಿಸಿದ್ದಿಲ್ಲ. ನಾ ಸುಳ್ಳು ಬರೆದೆ.

ಶಾಂತವ್ವ ಕುರ್ಚಿಯ ಗಾಲಿಯನ್ನು ಹಿಂದಕ್ಕೆ ತಳ್ಳಿ ಬಾಗಿಲು ಬಿಟ್ಟಳು.

ಸ್ಫೂರ್ತಿ ಮುಂದೆ ಬಂದು ಮಳಗಿಯ ಎದುರು ನಿಂತಳು. "ನಮ್ಮವ್ವಗ ಎಚ್ಚರ ಇತ್ತಲ್ರಿ ಆವಾಗ? ನಾ ಹುಟ್ಟಿದಾಗ?"

"ಇರ್ತದವಾ. ಬೆನ್ನಿಗೆ ಕೊಟ್ರ ಎಚ್ಚರ ಇರ್ತದ."

"ಮತ್ತ ನನ್ನ ಮಾರಿ ಆಕಿಗೆ ತೋರಿಸಿದ್ರ್ಯಾ?"

ಮಳಗಿ ಹುಡುಗಿಯ ಮುಖ ನೋಡಿದರು, ನೆಲ ನೋಡಿದರು.

"ನೆನಪಿಲ್ಲವಾ," ಎಂದರು.

ಸ್ಫೂರ್ತಿ ಅವರಿಗೆ ಬೆನ್ನು ತಿರುಗಿಸಿದಳು. ಆಮೇಲೆ ಚೆನ್ನವ್ವನ ರಟ್ಟೆ ಹಿಡಿದು ಹೊಸಿಲು ದಾಟಿಸಿ ಒಳಗೆ ಕರೆದುಕೊಂಡು ಹೋಗಿ, ಬಾಗಿಲು ಮುಚ್ಚಿದಳು.

ಹೊರಗೆ ಮಳಗಿ ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. ನೀಲಗಂಗಾಳ ಕಡೆ ತಿರುಗಿ ದನಿ ತಗ್ಗಿಸಿ ಕೇಳಿದರು: "ನೀ ಹೇಳಿದಂಗ ಮಾಡೀನಿ. ಅದಕ್ಕಿಂತ ಹೆಚ್ಚs ಮಾಡೀನಿ. ಇನ್ನ ಆ ದಾಖಲಿ ಅಲ್ಲೇ ಇರ್ಲಿ, ಹೌದಿಲ್ಲೋ?"

"ನಿನ್ನೆ ಸಂಜೀನs ಇಲಾಖೆಯ ಮೇಲಿನವರಿಗೆ ಕಳಿಸೀನ್ರಿ. ನಿಮ್ಮ ಕಡಿಂದ ಹೊರಬಿದ್ದ ಕೂಡ್ಲೇ."

"ನೀ ಮಾತು ಕೊಟ್ಟಿದ್ದಿ!"

"ನಾ ಏನೂ ಕೊಟ್ಟಿದ್ದಿಲ್ಲ."

ಅವರ ಮುಖ ಕೆಂಪಗಾಯಿತು. "ಆರನೇ ಮೆಟ್ಟಿಲಿಗೆ ಏರಿಸಿದಾಕಿ ನೀನು. ಅದೂ ಅದರಾಗ ಇರ್ತದ. ನಿನ್ನ ನೌಕರೀನೂ ಹೋಗ್ತದ, ತಿಳ್ಕೊ."

"ಐತ್ರಿ. ನಿಮ್ಮ ಹೆಸರಿನ ಕೆಳಗ ನನ್ನ ಹೆಸರನೂ ಬರ್ದೀನಿ. ಐವತ್ತೆರಡು ಸೆಕೆಂಡು ನಾನೂ ಆಕಿನ್ನ ನೋಡ್ಲಿಲ್ಲ. ಅದಕ್ಕ ಏನ್ ಶಿಕ್ಷಾ ಕೊಡ್ತಾರೋ ಕೊಡ್ಲಿ." ಮತ್ತೆ ಹೇಳಿದಳು: "ಆದ್ರ ನೀವು ಇನ್ನ ಯಾವ ಹೆಣ್ಣಮಗಳ ಬೆನ್ನಿಗೂ ಸೂಜಿ ಹಚ್ಚೂದಿಲ್ಲ. ನನಗ ಅಷ್ಟು ಸಾಕು."

ಮಳಗಿ ಕರವಸ್ತ್ರ ಮಡಚಿ ಜೇಬಿಗಿಟ್ಟರು. ನಾಲ್ಕು ಓಣಿ ಆಚೆ ಬಿಟ್ಟು ಬಂದಿದ್ದ ಕಾರಿನ ಕಡೆಗೆ ನಡೆಯತೊಡಗಿದರು. ನಿಂತಿದ್ದವರೆಲ್ಲ ಅವರ ಕೈಯಲ್ಲೇ ಹುಟ್ಟಿದವರು, ಇಲ್ಲವೇ ಅವರ ಕೈಯಲ್ಲಿ ಹಡೆದವರು. ದಾರಿ ಬಿಟ್ಟು ಗೋಡೆಗೆ ಸರಿದರು. ಯಾರೂ ನಮಸ್ಕಾರ ಮಾಡಲಿಲ್ಲ.